ಕಸಬಾದ ಮಾಳಿಗೆ ಮನೆ: ಸೊಲ್ಲಾಪುರದ ಹಳೇ ಊರಿನಲ್ಲಿ ದೊಡ್ಡ ಮನೆ ಬಾಡಿಗೆಗೆ ಹಿಡಿದ ಒಂದು ಪ್ರಕರಣ

ಗುರುತು ಸಿಗಬಾರದೆಂದು ಓಣಿಯ ಹೆಸರು ಬಿಟ್ಟಿದೆ. ಉದ್ಯೋಗ, ನೆಂಟಸ್ತನ, ಕೆಲವು ಮೊತ್ತಗಳನ್ನು ಅಷ್ಟಿಷ್ಟು ಬದಲಿಸಿದೆ. ಮನೆಯ ಕಟ್ಟಡ, ಕಾಗದಪತ್ರದ ಹಾದಿ, ನೀರಿನ ಲೆಕ್ಕ ಇದ್ದದ್ದು ಇದ್ದ ಹಾಗೆ ಇವೆ.

ಯಾರು, ಯಾಕೆ ಆ ಮನೆ

ಆರು ಜನರ ಮನೆ. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಡಿಪ್ಲೊಮಾ ಓದುವ ಮೈದುನ, ಮಂಡಿನೋವಿನ ಅಜ್ಜಿ. ಮೂಲ ಅಕ್ಕಲಕೋಟ ತಾಲೂಕಿನ ಹಳ್ಳಿ, ಮನೆಮಾತು ಕನ್ನಡ. ಏಳು ವರ್ಷ ವಿಜಯಪುರದಲ್ಲಿ ಬಾಡಿಗೆಗಿದ್ದವರು, ಕೆಲಸ ಬದಲಾಗಿ ಮೇ ತಿಂಗಳಲ್ಲಿ ಸೊಲ್ಲಾಪುರಕ್ಕೆ ಬರಬೇಕಾಯಿತು. ನಡುವೆ ನೂರು ಕಿಲೋಮೀಟರಿನಷ್ಟು ದಾರಿ. ಎರಡೂ ಕಡೆ ಅದೇ ಜೋಳದ ರೊಟ್ಟಿ, ಅದೇ ಮಾತು. ಹೀಗಾಗಿ ಬಾಡಿಗೆಯ ಕಾನೂನೂ ಅದೇ ಇರುತ್ತದೆಂದು ಅವರು ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಮೊದಲು ಎಡವಿದ್ದು ಅಲ್ಲೇ.

ವಿಜಾಪುರ ರಸ್ತೆ, ಹೋಟಗಿ ರಸ್ತೆ ಕಡೆಯ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅವರಿಗೆ ಸಿಕ್ಕಿದ್ದು ಎರಡು ಮಲಗುವ ಕೋಣೆಯ, ಒಳಗೆ 680 ಚದರಡಿ ಇರುವ ಮನೆ, ಬಾಡಿಗೆ 12,000. ಆರು ಜನಕ್ಕೆ ಸಾಲದು. ಹಳೇ ಊರಿನಲ್ಲಿ, ಉತ್ತರ ಕಸಬಾ ಮತ್ತು ಬಾಳಿವೇಸ್ ನಡುವಿನ ಒಂದು ಓಣಿಯಲ್ಲಿ, ಹಳೆಯ ವಾಡೆಯೊಂದರ (ಹಳೇ ಕಾಲದ ದೊಡ್ಡ ಮನೆಯ) ಇಡೀ ಮೊದಲ ಮಹಡಿ ಖಾಲಿ ಇತ್ತು. ಕೆಳಗೆ ಎರಡು ಅಂಗಡಿ, ಎರಡೂ ಹಳೆಯ ಪಗಡಿಯವು, ಅಂದರೆ ಮೊದಲೇ ಒಂದು ಗಂಟು ಹಣ ಪಡೆದು ಅಲ್ಪ ಬಾಡಿಗೆಗೆ ಬಿಟ್ಟುಕೊಟ್ಟವು. ಮೇಲೆ ಪಡಸಾಲೆ, ಮೂರು ಕೋಣೆ, ಅಡಿಗೆಮನೆ, ರಸ್ತೆಗೆ ಮುಖ ಮಾಡಿದ ಉದ್ದನೆಯ ಮರದ ಗ್ಯಾಲರಿ. ‘1,450 ಚದರಡಿ, ಬಾಡಿಗೆ 14,000, ಅನಾಮತ್ತು 60,000’ ಎಂದ ದಲಾಲ. ಅನಾಮತ್ತು ಅಂದರೆ ಮನೆ ಬಿಡುವಾಗ ಮರಳಿ ಬರುವ ಮುಂಗಡ.

ಹೆಂಡತಿ ಅಳತೆ ಟೇಪು ತಂದಿದ್ದಳು. ಹೊರಗಿನ ಅಳತೆ 50 ಅಡಿ, 29 ಅಡಿ. ದಲಾಲ ಹೇಳಿದ 1,450 ಬಂದದ್ದು ಅದರಿಂದ. ಆದರೆ ಕಲ್ಲಿನ ಗೋಡೆ ಎರಡು ಅಡಿ ದಪ್ಪ. ಸುತ್ತಲಿನ ಗೋಡೆ ಕಳೆದರೆ ಒಳಗೆ 46ಕ್ಕೆ 25, ಅಂದರೆ 1,150. ನಡುವಿನ ಅಡ್ಡಗೋಡೆ 50 ಚದರಡಿ ತಿನ್ನುತ್ತದೆ. ಗಾಳಿ ಬೆಳಕಿಗೆ ಬಿಟ್ಟ ತೆರೆದ ಚೌಕ ಇನ್ನೊಂದು 80. ಕಾಲಿಡಲು ಉಳಿದದ್ದು 1,020. ಆದರೂ ಚದರಡಿಗೆ ಸುಮಾರು 13 ರೂಪಾಯಿ 70 ಪೈಸೆ. ಹೊಸ ಮನೆಯಲ್ಲಿ 17 ರೂಪಾಯಿ 65 ಪೈಸೆ. ಕಡಿಮೆಯೇ ಬಿತ್ತು. ಈ ಅಳತೆ ಬಾಡಿಗೆ ಇಳಿಸಲಿಲ್ಲ, ಮಾಲೀಕರು ನೂರು ರೂಪಾಯಿಯನ್ನೂ ಬಿಡಲಿಲ್ಲ. ಆದರೆ ‘ಇವರು ಅಳೆದು ನೋಡುವ ಜನ’ ಎಂಬುದು ಅವರಿಗೆ ಗೊತ್ತಾಯಿತು, ಮುಂದಿನ ಮಾತುಕತೆಗೆ ಅದೇ ನೆರವಾಯಿತು.

ಮೆಟ್ಟಿಲು ಇನ್ನೊಂದು ವಿಷಯ. ವಾಡೆಯ ಮೆಟ್ಟಿಲು ಕಡಿದಾಗಿರುತ್ತವೆ. ಇಲ್ಲಿ ಒಂದೊಂದು ಮೆಟ್ಟಿಲು 10 ಇಂಚು ಎತ್ತರ. ಹೊಸ ಮನೆಗಳಲ್ಲಿ 6ರಿಂದ 7 ಇರುತ್ತದೆ. ಅಜ್ಜಿಯನ್ನು ಕರೆತಂದು ಎರಡು ಸಲ ಹತ್ತಿಸಿ ಇಳಿಸಿ ನೋಡಿದರು. ಹತ್ತುವುದು ಆಯಿತು, ಇಳಿಯುವಾಗ ಹಿಡಿಯಲು ಏನೂ ಇರಲಿಲ್ಲ. ಗೋಡೆಗೆ ಕಬ್ಬಿಣದ ಕೊಳವೆ ಬಡಿಸಿಕೊಟ್ಟರೆ ಆಯಿತು ಎಂದು ಅಜ್ಜಿಯೇ ತೀರ್ಮಾನ ಕೊಟ್ಟಳು. ಸಿದ್ಧೇಶ್ವರ ಗುಡಿ ನಡೆದು ಹೋಗುವಷ್ಟು ದೂರ, ಎದುರುಮನೆಯಾಕೆ ಕನ್ನಡದಲ್ಲೇ ಮಾತಾಡಿಸಿದ್ದಳು. ತೀರ್ಮಾನ ಆಗಿದ್ದು ಬಹುಶಃ ಅಲ್ಲಿ.

ಹನ್ನೊಂದು ತಿಂಗಳ ಕಾಗದ

ದಲಾಲ ಸ್ಟಾಂಪ್ ಕಾಗದದ ಮೇಲೆ ಹನ್ನೊಂದು ತಿಂಗಳ ಕರಾರು ಬರೆಸಿ, ನೋಟರಿ ಮುದ್ರೆ ಹಾಕಿಸಿ ತಂದ. ವಿಜಯಪುರದಲ್ಲಿ ಗಂಡ ಏಳು ವರ್ಷವೂ ಮಾಡಿದ್ದು ಇದನ್ನೇ. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಕರಾರಿಗೆ ನೋಂದಣಿ ಬೇಡ ಎಂಬ ನಂಬಿಕೆಯ ಮೇಲೆ ನಡೆದುಬಂದ ರೂಢಿ ಅದು.

ಮಹಾರಾಷ್ಟ್ರದಲ್ಲಿ ಆ ರೂಢಿಗೆ ನೆಲೆಯಿಲ್ಲ. ಅಲ್ಲಿಯ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಬಾಡಿಗೆಯಾಗಲಿ, ಲೀವ್ ಅಂಡ್ ಲೈಸೆನ್ಸ್ (ಬಾಡಿಗೆದಾರನ ಹಕ್ಕು ಕೊಡದೆ, ಇಂತಿಷ್ಟು ಕಾಲ ಇರಲು ಮಾತ್ರ ಕೊಡುವ ಪರವಾನಗಿ) ಆಗಲಿ, ಕರಾರು ಬರಹದಲ್ಲಿರಬೇಕು, ನೋಂದಣಿ ಆಗಿರಬೇಕು. ಹನ್ನೊಂದು ತಿಂಗಳೋ ಐದು ವರ್ಷವೋ ಎಂಬ ಭೇದವಿಲ್ಲ. ನೋಂದಣಿ ಮಾಡಿಸುವ ಹೊಣೆ ಮಾಲೀಕರದು. ಮಾಡಿಸದಿದ್ದರೆ ಅವರಿಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಷ್ಟೇ ಅಲ್ಲ, ನೋಂದಣಿ ಇಲ್ಲದಿದ್ದರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ಮಾತು. ಅದು ಸುಳ್ಳೆಂದು ಮಾಲೀಕರೇ ಸಾಧಿಸಿ ತೋರಿಸಬೇಕು.

ಇದನ್ನು ಹಿಡಿದುಕೊಂಡೇ ದಲಾಲ ವಾದ ಹೂಡಿದ: ‘ದಂಡ ಬಿದ್ರ ಮಾಲಕರಿಗಿ, ನಿಮಗೇನ್ ತ್ರಾಸ?’ ಕೇಳಲು ಸರಿಯೆನಿಸುತ್ತದೆ. ಆದರೆ ಮಕ್ಕಳ ಶಾಲೆಗೆ, ಗ್ಯಾಸ್ ಜೋಡಣೆಗೆ, ಆಧಾರ್ ವಿಳಾಸ ಬದಲಿಸಲು, ಕಂಪನಿಯಲ್ಲಿ ಮನೆಬಾಡಿಗೆ ಭತ್ಯೆಗೆ ಕಾಗದ ಬೇಕಾಗುವುದು ಬಾಡಿಗೆದಾರನಿಗೆ. ಮುಖ್ಯವಾಗಿ 60,000 ಅನಾಮತ್ತು ಕೊಟ್ಟದ್ದಕ್ಕೆ ಗಟ್ಟಿ ಸಾಕ್ಷಿ ಬೇಕು. ಅದಕ್ಕಾಗಿ ವರ್ಷ ಕಳೆದ ಮೇಲೆ ಕೋರ್ಟಿಗೆ ಹೋಗಿ ‘ನನ್ನ ಮಾತೇ ನಡೆಯಬೇಕು’ ಎಂದು ವಾದಿಸಲು ಯಾರಿಗೆ ಪುರುಸೊತ್ತಿದೆ?

ಮಾಲೀಕರು ನೋಂದಣಿಗೆ ಹಿಂಜರಿದ ಕಾರಣ ಬೇರೆಯೇ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಕೆಳಗಿನ ಎರಡು ಅಂಗಡಿಗಳಿಗೆ ಅಜ್ಜನ ಕಾಲದಲ್ಲಿ ಪಗಡಿ ತೆಗೆದುಕೊಂಡು ಕೊಟ್ಟದ್ದು. ಇಂದಿಗೂ ತಿಂಗಳಿಗೆ ಮೂರಂಕಿಯ ಬಾಡಿಗೆ, ಬಿಡಿಸುವ ಮಾತೇ ಇಲ್ಲ. ರಜಿಸ್ಟರ್ ಆಫೀಸಿನಲ್ಲಿ ಹೆಸರು ಬಿದ್ದರೆ ಮೇಲಿನವರೂ ಹಾಗೆಯೇ ಬೇರು ಬಿಡುತ್ತಾರೆ ಎಂಬ ಅಂಜಿಕೆ. ಹಳೇ ಪೇಠಗಳಲ್ಲಿ ಈ ಅಂಜಿಕೆ ಮನೆಮನೆಗೂ ಇದೆ, ಅದಕ್ಕೆ ಕಾರಣವೂ ಇದೆ. ಪ್ರಕರಣ ತಿರುವು ಪಡೆದದ್ದು ಇದನ್ನು ಗುರುತಿಸಿದ ಮೇಲೆ. ‘ಕಾನೂನು ಹೇಳುತ್ತದೆ, ಮಾಡಿಸಿ’ ಎನ್ನುವುದನ್ನು ಬಿಟ್ಟು, ನೋಂದಣಿಯಿಂದ ಅವರಿಗೇನು ಲಾಭ ಎಂಬುದನ್ನು ಮುಂದಿಟ್ಟರು. ನೋಂದಣಿಯಾದ ಲೀವ್ ಅಂಡ್ ಲೈಸೆನ್ಸ್ ಇದ್ದರೆ, ಅವಧಿ ಮುಗಿದೂ ಮನೆ ಬಿಡದವರ ಮೇಲೆ ಅದೇ ಕಾಯ್ದೆಯ 24ನೇ ಕಲಮಿನಡಿ ಸಕ್ಷಮ ಪ್ರಾಧಿಕಾರದ ಮುಂದೆ ನೇರವಾಗಿ ಅರ್ಜಿ ಹಾಕಬಹುದು; ಅವಧಿ ಮುಗಿದ ಮೇಲೆ ಇದ್ದಷ್ಟು ದಿನಕ್ಕೆ ಬಾಡಿಗೆಯ ಎರಡು ಪಟ್ಟು ವಸೂಲಾಗುತ್ತದೆ. ಆ ಹಾದಿಯಲ್ಲಿ ಬರಹದ ಕರಾರೇ ಪಕ್ಕಾ ಸಾಕ್ಷಿ. ನೋಟರಿ ಕಾಗದದ ಮೇಲೆ ಕೂತರೆ ಅವರು ಅಂಜುತ್ತಿದ್ದ ತಗಾದೆಗೇ ಬಾಗಿಲು ತೆರೆದಂತೆ. ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿದರು.

ಖರ್ಚು ಅವರು ತಿಳಿದಷ್ಟು ಇರಲಿಲ್ಲ. ಸ್ಟಾಂಪ್ ಶುಲ್ಕ ಲೆಕ್ಕ ಹಾಕುವುದು ಹೀಗೆ: ಒಟ್ಟು ಬಾಡಿಗೆ 14,000 ಗುಣಿಸು 11, ಅಂದರೆ 1,54,000. ಮರಳಿ ಕೊಡುವ ಅನಾಮತ್ತಿನ ಮೇಲೆ ವರ್ಷಕ್ಕೆ ಶೇ. 10ರಂತೆ ಹನ್ನೊಂದು ತಿಂಗಳಿಗೆ 5,500. ಕೂಡಿದರೆ 1,59,500, ಅದರ ಶೇ. 0.25 ಅಂದರೆ 400 ರೂಪಾಯಿಯ ಹತ್ತಿರ. ಮಹಾನಗರಪಾಲಿಕೆ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಏಜೆಂಟು ಬೆರಳಚ್ಚಿನ ಯಂತ್ರ ಹಿಡಿದು ಮನೆಗೇ ಬಂದ. ಎರಡೂ ಕಡೆಯವರು, ಇಬ್ಬರು ಸಾಕ್ಷಿದಾರರು ಆಧಾರ್ ಮೇಲೆ ಹೆಬ್ಬೆರಳು ಒತ್ತಿದರು. ಅವನ ಕೂಲಿ ಸೇರಿ ಆದದ್ದನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರು.

ಒತ್ತುವ ಮುಂಚೆ ಕರಡು ಓದಿದ್ದು ಒಳ್ಳೆಯದಾಯಿತು. ಕರಡು ಮರಾಠಿಯಲ್ಲಿತ್ತು. ಗಂಡನಿಗೆ ಮರಾಠಿ ಮಾತು ಬರುತ್ತದೆ, ಆದರೆ ಕಚೇರಿ ಮರಾಠಿ ಬೇರೆ. ಮೈದುನ ಒಂದೊಂದೇ ಸಾಲು ಓದಿ, ಎಲ್ಲರ ಮುಂದೆ ಕನ್ನಡದಲ್ಲಿ ಹೇಳುತ್ತ ಹೋದ. ಹಾಗೆ ಹೇಳುವಾಗ ಸಿಕ್ಕಿದ್ದು ಆರು ತಿಂಗಳ ‘ಲಾಕ್-ಇನ್’: ಅದರೊಳಗೆ ಮನೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಪೂರ್ತಿ ಕೊಡಬೇಕು. ಅದನ್ನು ಕೇಳಿದವರು ಯಾರೂ ಇಲ್ಲ. ಏಜೆಂಟನ ಸಿದ್ಧ ನಮೂನೆಯಲ್ಲಿದ್ದದ್ದು ಹಾಗೇ ಉಳಿದುಕೊಂಡಿತ್ತು. ತೆಗೆಸಿ, ಎರಡೂ ಕಡೆಗೆ ಒಂದು ತಿಂಗಳ ನೋಟಿಸು ಎಂದು ಬರೆಸಿದರು.

ಸಹಿ ಯಾರದು

ಸಿಟಿ ಸರ್ವೇಯ ಪ್ರಾಪರ್ಟಿ ಕಾರ್ಡ್ (ಆಸ್ತಿ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ದಾಖಲೆ) ತೆಗೆಸಿದಾಗ ಅದರಲ್ಲಿ ಇದ್ದದ್ದು ತೀರಿಹೋದ ತಂದೆಯ ಹೆಸರು. ವಾರಸಾ ನಮೂದೇ ಆಗಿಲ್ಲ. ‘ಮೂರು ಜನ ಅಣ್ಣತಮ್ಮಂದಿರು, ಹಿರಿಯರು ಸಹಿ ಮಾಡ್ತಾರ’ ಎಂದ ದಲಾಲ. ಮಾತಿನ ನಡುವೆ ಹೆಂಡತಿ ಕೇಳಿದಳು: ಅಕ್ಕತಂಗಿಯರು? ಇದ್ದಳು ಒಬ್ಬ ತಂಗಿ, ಕಲಬುರಗಿಗೆ ಕೊಟ್ಟದ್ದು. ಹಿಂದೂ ವಾರಸಾ ಕಾನೂನಿನಲ್ಲಿ ಮಗಳಿಗೂ ಪಾಲಿದೆ ಎಂಬುದು ಎಲ್ಲರಿಗೂ ಗೊತ್ತು, ಕಾಗದ ಮಾಡುವಾಗ ಮಾತ್ರ ಮರೆತುಹೋಗುತ್ತದೆ. ಪುಣೆಯಲ್ಲಿದ್ದ ಎರಡನೆಯ ತಮ್ಮನಿಗೆ ಮನೆ ಮಾರುವ ಆಸೆ ಬೇರೆ ಇತ್ತು.

ಇಲ್ಲಿ ಎರಡು ದಾರಿ ಇದ್ದವು. ಹಿರಿಯಣ್ಣನೊಬ್ಬನ ಸಹಿ ನೆಚ್ಚಿಕೊಂಡು ಮುಂದೆ ಹೋಗುವುದು. ಬಹಳ ಜನ ಹೋಗುವುದು ಹೀಗೆಯೇ, ಬಹಳ ಸಲ ಏನೂ ಆಗುವುದೂ ಇಲ್ಲ. ಆದರೆ ನಾಳೆ ಪಾಲಿನ ಜಗಳ ಎದ್ದರೆ ‘ಅನಾಮತ್ತು ನನ್ನ ಕೈಗೆ ಬಂದಿಲ್ಲ’ ಎಂದು ಉಳಿದವರು ಕೈ ತೊಳೆದುಕೊಳ್ಳಬಹುದು. ಇವರು ಇನ್ನೊಂದು ದಾರಿ ಹಿಡಿದರು. ಉಳಿದ ಇಬ್ಬರು ತಮ್ಮಂದಿರು ಮತ್ತು ತಂಗಿ ಹಿರಿಯಣ್ಣನಿಗೆ ಮುಖತ್ಯಾರಪತ್ರ ಕೊಟ್ಟರು. ಬಾಡಿಗೆಗೆ ಕೊಡುವುದು, ಅನಾಮತ್ತು ಪಡೆದು ಮರಳಿಸುವುದು ಎಂದು ಸ್ಪಷ್ಟವಾಗಿ ಬರೆಸಿದರು. ಮಾರಾಟ ಆದರೆ 60 ದಿನಗಳ ನೋಟಿಸು, ಮನೆ ಬಿಡುವ ದಿನವೇ ಪೂರ್ತಿ ಅನಾಮತ್ತು ಎಂಬ ಷರತ್ತೂ ಸೇರಿತು. ಇದಕ್ಕೆ ಹದಿನೆಂಟು ದಿನ ಹಿಡಿಯಿತು. ಅಷ್ಟು ದಿನ ಕುಟುಂಬ ಹಳ್ಳಿಯಲ್ಲಿ, ಗಂಡ ಲಾಡ್ಜಿನಲ್ಲಿ. ಸಾಮಾನು ಇನ್ನೂ ವಿಜಯಪುರದಲ್ಲೇ ಇದ್ದದ್ದರಿಂದ ಕಾಯಲು ಆಯಿತು. ಲಾರಿ ತಂದು ಬಾಗಿಲಲ್ಲಿ ನಿಲ್ಲಿಸಿಕೊಂಡವರಿಗೆ ಆಗುವ ಮಾತಲ್ಲ.

ಅನಾಮತ್ತನ್ನು ಬ್ಯಾಂಕ್ ಮೂಲಕವೇ ಕಳಿಸಿ, ಆ ವ್ಯವಹಾರದ ಸಂಖ್ಯೆಯನ್ನು ಕರಾರಿನಲ್ಲೇ ನಮೂದಿಸಿದರು. ಬಾಡಿಗೆದಾರರ ಮಾಹಿತಿಯನ್ನು ಪೊಲೀಸ್ ಠಾಣೆಗೆ ಕೊಡುವ ಕೆಲಸವೂ ಅದೇ ವಾರ ಮುಗಿಯಿತು.

ನೀರು, ಮತ್ತು ಮಾಳಿಗೆಯ ಮೇಲಿನ ಟ್ಯಾಂಕು

ಸೊಲ್ಲಾಪುರದಲ್ಲಿ ನೀರು ದಿನಾ ಬರುವುದಿಲ್ಲ. ಉಜನಿ ಅಣೆಕಟ್ಟಿನಿಂದ ಬರುವ ನೀರು ಪಾಳಿಯ ಮೇಲೆ. ಇವರ ಓಣಿಗೆ ಆಗ ನಾಲ್ಕೈದು ದಿನಕ್ಕೊಮ್ಮೆ, ಎರಡು ತಾಸಿನಷ್ಟು ಬರುತ್ತಿತ್ತು. ಮನೆ ನೋಡಲು ಹೋದಾಗ ನಳ ತಿರುಗಿಸಿ ನೋಡುವುದು ಇಲ್ಲಿ ನಿರರ್ಥಕ. ಬರುವುದು ಮೇಲಿನ ಟ್ಯಾಂಕಿನ ನೀರು. ಕೇಳಬೇಕಾದದ್ದು: ಪಾಳಿ ಎಷ್ಟು ದಿನಕ್ಕೆ, ಎಷ್ಟು ಹೊತ್ತಿಗೆ, ಹೌದದಲ್ಲಿ (ನೀರು ತುಂಬಿಡುವ ತೊಟ್ಟಿಯಲ್ಲಿ) ಯಾರ ಪಾಲೆಷ್ಟು.

ತಲೆಗೆ ದಿನಕ್ಕೆ 135 ಲೀಟರ್ ಎಂಬುದು ಊರಿನ ನೀರು ಪೂರೈಕೆಯ ಸರ್ಕಾರಿ ಮಾನದಂಡ. ಪಾಳಿಯ ನೀರಿಗೆ ಒಗ್ಗಿದ ಮನೆ 100ರಲ್ಲಿ ನಿಭಾಯಿಸುತ್ತದೆ. ಆರು ಜನಕ್ಕೆ 600. ಬೇಸಿಗೆಯಲ್ಲಿ ಎರಡು ಕೂಲರು ದಿನಕ್ಕೆ ಐವತ್ತೈವತ್ತು ಲೀಟರ್ ಕುಡಿಯುತ್ತವೆ. ಅಲ್ಲಿಗೆ 700; ಐದು ದಿನಕ್ಕೆ 3,500. ಇದ್ದದ್ದು ಅಂಗಳದಲ್ಲಿ 2,000 ಲೀಟರಿನ ಹೌದ, ಅದರಲ್ಲಿ ಅರ್ಧ ಅಂಗಡಿಗಳದು. ಮೇಲೆ 500ರ ಒಂದು ಟ್ಯಾಂಕು. ಎರಡು ಸಾವಿರ ಲೀಟರಿನ ಕೊರತೆ.

ಮಾಲೀಕರು ಉದಾರವಾಗಿ ‘ಮ್ಯಾಲ 2,000ದ್ದು ಕೂಡಿಸ್ತೀನಿ’ ಎಂದರು. ಗೌಂಡಿ ಬಂದು ಜಾಗವನ್ನೂ ತೋರಿಸಿದ: ಮುಂದಿನ ಕೋಣೆಯ ಮೇಲೆ, ಸರಿಯಾಗಿ ನಡುಮಧ್ಯ.

ಆ ಮಹಡಿಯ ಮೇಲ್ಛಾವಣಿ ಎರಡು ಬಗೆಯದು. ಹಿಂದಿನ ಅಡಿಗೆಮನೆ, ಬಚ್ಚಲು, ಮೆಟ್ಟಿಲ ಭಾಗ ಆಮೇಲೆ ಕಟ್ಟಿದ ಕಾಂಕ್ರೀಟು. ಮುಂದಿನ ಎರಡು ಕೋಣೆ ಮತ್ತು ಪಡಸಾಲೆ ಹಳೆಯ ಮಣ್ಣಿನ ಮಾಳಿಗೆ: ಸಾಗವಾನಿಯ ತೊಲೆ, ಅದರ ಮೇಲೆ ಜಂತಿ, ಹಲಗೆ, ಅದರ ಮೇಲೆ ಒಂದು ಅಡಿಗೂ ಮಿಕ್ಕಿ ಮಣ್ಣು. ಒಂದಡಿ ದಪ್ಪದ ಮಣ್ಣು ಚದರ ಮೀಟರಿಗೆ ಐನೂರು ಕಿಲೋದ ಹತ್ತಿರ ತೂಗುತ್ತದೆ. ಜಂತಿ ಆಗಲೇ ಹೊರುತ್ತಿರುವ ಭಾರ ಅದು. ಅದರ ಮೇಲೆ 2,000 ಲೀಟರ್ ಅಂದರೆ ಎರಡು ಟನ್, ಎರಡು ಚದರ ಮೀಟರೂ ಇಲ್ಲದ ಜಾಗದಲ್ಲಿ. ಜನ ಓಡಾಡುವ ಹೊಸ ಕಾಂಕ್ರೀಟ್ ತಾರಸಿಗೂ ಚದರ ಮೀಟರಿಗೆ 150 ಕಿಲೋದಷ್ಟು ಹೆಚ್ಚುವರಿ ಭಾರ ಹಿಡಿದು ವಿನ್ಯಾಸ ಮಾಡುತ್ತಾರೆ. ಟ್ಯಾಂಕಿಗೆ ಬೇರೆಯೇ ಲೆಕ್ಕ ಹಾಕುತ್ತಾರೆ.

ಗಂಡ ಕೋಣೆಯೊಳಗಿಂದ ದಾರ ಕಟ್ಟಿ ನೋಡಿದ. ತೊಲೆಯ ಎರಡು ತುದಿಗೆ ದಾರ ಬಿಗಿದಾಗ ನಡುವೆ ತೊಲೆ ಒಂದೂಕಾಲು ಇಂಚು ಜಗ್ಗಿತ್ತು. ಗೋಡೆಯೊಳಗೆ ತೊಲೆ ಕೂತ ಜಾಗದಲ್ಲಿ ಇಕ್ಕಳದ ಮೊನೆಯಿಂದ ಚುಚ್ಚಿದರೆ ಮುಂದಿನ ತುದಿ ಗಟ್ಟಿ, ಹಿಂದಿನ ತುದಿಯಲ್ಲಿ ಅರ್ಧ ಇಂಚು ಮೆತ್ತಗೆ ಇಳಿಯಿತು. ಮರ ಕೊಳೆಯುವುದು ಹೆಚ್ಚಾಗಿ ಗೋಡೆಯೊಳಗೆ, ಕಣ್ಣಿಗೆ ಬೀಳದ ಕಡೆ. ನಡುಭಾಗ ನೋಡಿ ‘ಸಾಗವಾನಿ, ನೂರು ವರ್ಷ ಬರ್ತದ’ ಎನ್ನುವ ಮಾತಿಗೆ ಅರ್ಥವಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ ಸುತ್ತ ಲಾತೂರು, ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಸತ್ತದ್ದು ಇಂಥ ಮಣ್ಣಿನ ಗಾರೆಯ ಕಲ್ಲುಗೋಡೆ, ಇಂಥ ಭಾರದ ಮಾಳಿಗೆ ಮೈಮೇಲೆ ಬಿದ್ದು. ಅದನ್ನು ನೆನೆಸಿದ್ದು ಅಜ್ಜಿ. ಆ ವರ್ಷ ಅವಳು ಅಂಗಳದಲ್ಲಿ ಮಲಗಿದ್ದನ್ನು ಮಾಲೀಕರ ಮುಂದೆಯೇ ಹೇಳಿದಳು. ಟ್ಯಾಂಕಿನ ಮಾತು ಅಲ್ಲಿಗೆ ನಿಂತಿತು.

ಬದಲಿಗೆ 1,000 ಲೀಟರಿನ ಎರಡು ಟ್ಯಾಂಕುಗಳನ್ನು ಹಿಂದಿನ ಅಂಗಳದ ನೆಲದ ಮೇಲೆ ಕೂಡಿಸಿದರು. ಹೌದದಿಂದ ಇವಕ್ಕೆ, ಇವುಗಳಿಂದ ಕಾಂಕ್ರೀಟ್ ಭಾಗದ ಮೇಲಿನ 500ಕ್ಕೆ ಎತ್ತಲು ಅರ್ಧ ಅಶ್ವಶಕ್ತಿಯ ಮೋಟರು. ನೀರು ಹಿಂದಿರುಗದಂತೆ ಒಂದು ನಾನ್-ರಿಟರ್ನ್ ವಾಲ್ವ್. ಲೆಕ್ಕ ಕೂಡಿತು: 1,000, 2,000, 500.

ಕೂಡಿತು ಅನಿಸಿತಷ್ಟೇ. ಮೊದಲ ಪಾಳಿಯಲ್ಲಿ ಎರಡನೆಯ ಟ್ಯಾಂಕಿಗೆ ಹನಿ ನೀರೂ ಬೀಳಲಿಲ್ಲ. ಟ್ಯಾಂಕ್ ದೊಡ್ಡದಾದರೆ ನೀರು ಹೆಚ್ಚು ಬರುವುದಿಲ್ಲ ಎಂಬ ಸರಳ ಸಂಗತಿ ಎಲ್ಲರಿಂದಲೂ ತಪ್ಪಿತ್ತು. ಮುಂದಿನ ಪಾಳಿಯಲ್ಲಿ ಹೌದದ ಬಾಯಿಗೆ 15 ಲೀಟರಿನ ಬಕೆಟ್ ಹಿಡಿದು ಮೊಬೈಲಿನಲ್ಲಿ ಹೊತ್ತು ನೋಡಿದರು: ತುಂಬಲು 75 ಸೆಕೆಂಡು. ನಿಮಿಷಕ್ಕೆ 12 ಲೀಟರ್, ಎರಡು ತಾಸಿಗೆ 1,440. ಬೇಕಾದ್ದು ಅದರ ಎರಡು ಪಟ್ಟಿಗೂ ಹೆಚ್ಚು.

ಇಂಥಲ್ಲಿ ಓಣಿಯ ಅರ್ಧ ಜನ ಮಾಡುವುದು ಪಾಲಿಕೆಯ ಕೊಳವೆಗೇ ಮೋಟರು ಹಚ್ಚುವುದು. ಅದು ಕಾನೂನುಬಾಹಿರ, ಸಿಕ್ಕಿಬಿದ್ದರೆ ಮೋಟರು ಜಪ್ತಿಯಾಗಿ ನಳ ಕತ್ತರಿಸಬಹುದು. ಅದಕ್ಕಿಂತ ಕೆಟ್ಟದ್ದು, ಮೋಟರು ಎಳೆದಾಗ ಕೊಳವೆಯೊಳಗೆ ನಿರ್ವಾತ ಉಂಟಾಗಿ, ಸೋರುವ ಸಂದುಗಳಿಂದ ಪಕ್ಕದ ಗಟಾರದ ನೀರು ಒಳಗೆ ಸೇರುತ್ತದೆ. ಹಳೇ ಊರಿನಲ್ಲಿ ನೀರಿನ ಕೊಳವೆ, ಗಟಾರ ಎರಡೂ ಕೈ ಹಿಡಿದುಕೊಂಡೇ ಓಡುತ್ತವೆ. ಇವರ ಪ್ಲಂಬರು ಮೀಟರಿನಿಂದ ಹೌದದವರೆಗಿನ 14 ಅಡಿ ಕಬ್ಬಿಣದ ಕೊಳವೆ ಬಿಚ್ಚಿ ತೋರಿಸಿದ. ಅರ್ಧ ಇಂಚಿನ ಕೊಳವೆಯೊಳಗೆ ತುಕ್ಕು ಬೆಳೆದು, ಪೆನ್ಸಿಲ್ ಹೋಗುವಷ್ಟು ತೂತು ಉಳಿದಿತ್ತು. ಅಷ್ಟನ್ನು ಹೊಸದು ಹಾಕಿದ ಮೇಲೆ ಬಕೆಟ್ 45 ಸೆಕೆಂಡಿಗೆ ತುಂಬಿತು: ನಿಮಿಷಕ್ಕೆ 20 ಲೀಟರ್, ಪಾಳಿಗೆ 2,400. ಉಳಿದ ಸಾವಿರಕ್ಕೆ ಕಟ್ಟಡದ ಬೋರಿನ ಗಡಸು ನೀರು. ಬಟ್ಟೆ, ಪಾಯಖಾನೆಗೆ ಅದು ಸಾಕು. ಅಂಗಡಿಯವರು ತಮ್ಮ ಪಾಲಿನಲ್ಲಿ ಎರಡು ಕೊಡವನ್ನೂ ಬಳಸುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಅದರ ಮೇಲೆ ಹಕ್ಕು ಮಾತ್ರ ಬಿಡಲಿಲ್ಲ. ಕೊಳವೆಯ ಖರ್ಚು 6,800, ಎರಡು ತಿಂಗಳ ಬಾಡಿಗೆಯಲ್ಲಿ ಮುರಿದುಕೊಂಡರು.

ಪಾಳಿಯ ಮೊದಲ ಹತ್ತು ನಿಮಿಷದ ನೀರು ಕೆಂಪಗೆ ಬರುತ್ತದೆ. ಅದು ಹೌದಕ್ಕೆ ಬೀಳದಂತೆ ಪಕ್ಕಕ್ಕೆ ಒಂದು ನಳ ಇಟ್ಟು ಅಂಗಳ ತೊಳೆಯಲು ಬಿಡುತ್ತಾರೆ. ಪಾಳಿ ಬರುವುದು ನಸುಕಿನ ನಾಲ್ಕಕ್ಕೆ. ಎದ್ದು ನಳ ತಿರುಗಿಸುವ ಕೆಲಸ ಮೈದುನನದು. ಡಿಪ್ಲೊಮಾ ಪರೀಕ್ಷೆಗೆ ಓದಲು ಅದೇ ಹೊತ್ತು ಒಗ್ಗಿತೆಂದು ಮನೆಯವರು ಹೇಳುತ್ತಾರೆ, ಅವನನ್ನು ಕೇಳಿಲ್ಲ.

ಕರೆಂಟು

ಚಿಕ್ಕ ವಿಷಯ, ಆದರೆ ದುಡ್ಡು ತಿನ್ನುವಂಥದ್ದು. ಮಹಾವಿತರಣದ (ರಾಜ್ಯದ ವಿದ್ಯುತ್ ಕಂಪನಿಯ) ಮೀಟರು ಒಂದೇ, ಅದರಿಂದಲೇ ಕೆಳಗಿನ ಒಂದು ಅಂಗಡಿಗೂ ತಂತಿ ಹೋಗಿತ್ತು. ಮನೆಬಳಕೆಯ ದರ ಹಂತಹಂತವಾಗಿ ಏರುತ್ತದೆ: 100 ಯೂನಿಟ್‌ವರೆಗೆ ಒಂದು, 101ರಿಂದ 300ಕ್ಕೆ ಇನ್ನೊಂದು, ಆಮೇಲೆ ಇನ್ನೂ ಮೇಲೆ. ಎರಡು ಬಳಕೆ ಒಂದೇ ಮೀಟರಿನಲ್ಲಿ ಕೂಡಿದರೆ ಇಬ್ಬರ ಯೂನಿಟ್ಟೂ ಮೇಲಿನ ಹಂತಕ್ಕೆ ಹತ್ತುತ್ತವೆ. ಸಬ್-ಮೀಟರು ಹಾಕಿ ಪಾಲು ಮಾಡಿದರೂ ಆ ನಷ್ಟ ಹೋಗದು. ಮನೆಯ ಮೀಟರಿನಲ್ಲಿ ಅಂಗಡಿ ನಡೆಸುವುದು ಬೇರೆ ತಪ್ಪು. ಅಂಗಡಿಯ ತಂತಿ ಕತ್ತರಿಸಿ, ಅದಕ್ಕೆ ಪ್ರತ್ಯೇಕ ಮೀಟರ್ ಆಗುವವರೆಗೆ ಮನೆಗೆ ಬರುವುದಿಲ್ಲ ಎಂದು ಪಟ್ಟು ಹಿಡಿದರು. ಹಿಂದಿನ ಬಿಲ್ಲು ಬಾಕಿ ಇಲ್ಲವೆಂದು ಗ್ರಾಹಕ ಸಂಖ್ಯೆ ಹಾಕಿ ನೋಡಿಕೊಂಡರು. ಒಳಗಿನ ತಂತಿ ಮರದ ಪಟ್ಟಿಯಲ್ಲಿ ಓಡುವ ಹಳೆಯದು, ಅರ್ಥಿಂಗ್ ಹೆಸರಿಗೂ ಇರಲಿಲ್ಲ. ಬಚ್ಚಲು, ಅಡಿಗೆಮನೆ, ಮೋಟರಿಗೆ ಹೊಸ ತಂತಿ, ಹೊಸ ಅರ್ಥಿಂಗ್ ಗುಂಡಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಂದ್ ಆಗುವ ಸ್ವಿಚ್ಚು). ಉಳಿದ ಕಡೆ ಫ್ಯಾನು, ದೀಪ ಬಿಟ್ಟು ಬೇರೇನೂ ಇಲ್ಲ. ಎಸಿ ಬೇಡವೆಂದರು, ಎರಡಡಿ ಗೋಡೆಯ ಕೋಣೆಯಲ್ಲಿ, ಒಣ ಸೆಕೆಗೆ, ಕೂಲರೇ ಸಾಕು.

ಮಳೆ

ಜೂನಿನ ಎರಡನೆಯ ಜಡಿಮಳೆಗೆ ಮುಂದಿನ ಕೋಣೆ ಸೋರಿತು. ಮಾಲೀಕರು ಎರಡು ಗಾಡಿ ಸವಳು ಮಣ್ಣು ತರಿಸಲು ಹೊರಟರು. ವರ್ಷಾವರ್ಷ ಮಳೆಗಾಲದ ಮುಂದೆ ಮಾಳಿಗೆಗೆ ಮಣ್ಣು ಹಾಕುವುದು ಪದ್ಧತಿ. ಹಾಗೆ ಹಾಕಿ ಹಾಕಿಯೇ ಅದು ಒಂದಡಿ ದಾಟಿದ್ದು. ನೂರು ಚದರಡಿಗೆ ಒಂದಿಂಚು ಮಣ್ಣು ಹೆಚ್ಚಿದರೆ 350 ಕಿಲೋ ಮೇಲೆ ಭಾರ ಕೂಡುತ್ತದೆ, ಹಸಿಯಾದರೆ ಇನ್ನೂ ಹೆಚ್ಚು. ಸೋರಿಕೆಗೆ ಕಾರಣ ಮಣ್ಣಿನ ಕೊರತೆ ಆಗಿರಲೇ ಇಲ್ಲ. ಹರನಾಳ (ಮಾಳಿಗೆಯ ನೀರು ಹೊರಗೆ ಹೋಗುವ ನಾಳ) ಎರಡರಲ್ಲಿ ಒಂದು ಪಾರಿವಾಳದ ಗೂಡಿನಿಂದ ಕಟ್ಟಿತ್ತು, ನೀರು ನಡುವೆ ನಿಂತು ಇಳಿಯುತ್ತಿತ್ತು.

ಇಲ್ಲಿ ಕರಾರಿನ ಒಂದು ಸಾಲು ಕೆಲಸಕ್ಕೆ ಬಂತು. ದುರಸ್ತಿ ಮಾಡದ ಮಾಲೀಕನಿಗೆ 15 ದಿನ ನೋಟಿಸು ಕೊಟ್ಟು, ತಾನೇ ಮಾಡಿಸಿ, ವರ್ಷದ ಬಾಡಿಗೆಯ ನಾಲ್ಕನೆಯ ಒಂದು ಭಾಗದವರೆಗೆ ಮುರಿದುಕೊಳ್ಳುವ ಹಕ್ಕನ್ನು ಕಾಯ್ದೆ ಕೊಡುತ್ತದೆ. ಆದರೆ ಅದು ‘ಬಾಡಿಗೆದಾರ’ನಿಗೆ ಬರೆದದ್ದು, ಲೈಸೆನ್ಸಿನ ಮೇಲಿರುವವನು ಅದನ್ನೇ ನೆಚ್ಚಿ ಕೂರುವಂತಿಲ್ಲ. ಅದಕ್ಕೇ ಇವರು ಅದೇ ಅರ್ಥದ ಷರತ್ತನ್ನು ಕರಾರಿನಲ್ಲಿ ಬೇರೆಯಾಗಿ ಬರೆಸಿಕೊಂಡಿದ್ದರು: 15 ದಿನ, ಒಂದು ತಿಂಗಳ ಬಾಡಿಗೆಯ ಮಿತಿ. ಮಳೆ ಬಿಡುವು ಕೊಟ್ಟ ವಾರದಲ್ಲಿ ಹರನಾಳ ಬಿಡಿಸಿ, ಮೇಲಿನ ನಾಲ್ಕಿಂಚು ಮಣ್ಣು ಕೆರೆದು ಇಳಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಸುಣ್ಣ ಬೆರೆಸಿದ ಮಣ್ಣನ್ನು ಒಂದೂವರೆ ಇಂಚು ಬಡಿದರು. ನಲವತ್ತು ಅಡಿಗೆ ಒಂದಡಿ ಇಳಿಜಾರು ಹರನಾಳದ ಕಡೆಗೆ. ಕೊಳೆತ ತೊಲೆಯ ತುದಿಗೆ ಗೋಡೆಗೆ ಒತ್ತಿ ಕಬ್ಬಿಣದ ಕಂಬ ಕೊಟ್ಟರು. ಒಟ್ಟು 11,400. ಮಾಲೀಕರು ಮುಖ ಗಂಟಿಕ್ಕಿದರು, ಆದರೆ ಸಹಿ ಅವರದೇ ಇತ್ತು.

ಗಡ್ಡಾ ಜಾತ್ರೆಯ ಕೀಲಿ

ಇಷ್ಟೆಲ್ಲ ಬರೆಸಿದವರಿಗೂ ಒಂದು ಹೊಳೆದಿರಲಿಲ್ಲ.

ಜನವರಿಯಲ್ಲಿ ಸಂಕ್ರಾಂತಿಗೆ ಸಿದ್ಧೇಶ್ವರನ ಯಾತ್ರೆ, ಊರ ಬಾಯಲ್ಲಿ ಗಡ್ಡಾ. ಮೊದಲ ದಿನ ಏಳು ನಂದಿಧ್ವಜಗಳು ಉತ್ತರ ಕಸಬಾದ ಹಿರೇಹಬ್ಬು ವಾಡೆಯಿಂದ ಹೊರಟು 68 ಲಿಂಗಗಳ ಅಭಿಷೇಕಕ್ಕೆ ಸಾಗುತ್ತವೆ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಮೆರವಣಿಗೆಯ ದಾರಿಗೆ ಮುಖ ಮಾಡಿದ ಗ್ಯಾಲರಿ ಅಂದರೆ ಆ ಎರಡು ದಿನ ಅದಕ್ಕೆ ಬೆಲೆ ಕಟ್ಟಲಾಗದು. ಭೋಗಿಯ ಬೆಳಿಗ್ಗೆ ಆರೂವರೆಗೆ, ಹೆಂಡತಿ ಎಣ್ಣೆಗಾಯಿಗೆ ಬದನೆ ಸೀಳುತ್ತಿದ್ದಾಗ, ಮುಂಬಾಗಿಲ ಕೀಲಿ ಹೊರಗಿನಿಂದ ತಿರುಗಿತು. ಮಾಲೀಕರ ಕಡೆಯ ಇಪ್ಪತ್ತೆರಡು ಜನ, ಚಾಪೆ, ಥರ್ಮಾಸು, ಒಂದು ಕೂಸು ಸಮೇತ ಒಳಗೆ ಬಂದರು. ಮುಂದೆ ಕಲಬುರಗಿಯ ತಂಗಿ. ‘ಏ, ನೀವೂ ಕೂಡ್ರಿ’ ಎಂದು ಮನೆಯವರನ್ನೇ ಕರೆದಳಂತೆ.

ಜಗಳ ಆಗಲಿಲ್ಲ. ಹಬ್ಬದ ದಿನ, ಅದೂ ನಂದಿಧ್ವಜ ಬಾಗಿಲಿಗೆ ಬರುವಾಗ, ಯಾರನ್ನು ಹೊರಗೆ ಹಾಕುತ್ತೀರಿ? ಆದರೆ ಆ ಮರದ ಗ್ಯಾಲರಿ ಕೂಡ ತೊಲೆಯ ಮೇಲೆಯೇ ನಿಂತದ್ದು. ಇಪ್ಪತ್ತೆರಡು ಜನ ಕಟಕಟೆಗೆ ಒರಗಿದಾಗ ಅದು ಕಿರ್ರೆಂದದ್ದು ಎಲ್ಲರಿಗೂ ಕೇಳಿಸಿತು. ಗಂಡ ಹತ್ತು ಹತ್ತು ಜನರ ಪಾಳಿ ಮಾಡಿದ, ನೀರಿನ ಹಾಗೆ. ಮಾಲೀಕರ ಬಳಿ ಎರಡನೆಯ ಕೀಲಿ ಇದೆ ಎಂಬುದು ಎಂಟು ತಿಂಗಳು ಯಾರಿಗೂ ತಿಳಿದೇ ಇರಲಿಲ್ಲ. ಮನೆ ಹಿಡಿದ ದಿನವೇ ಬೀಗ ಬದಲಿಸುವುದು ಇನ್ನೂರು ಮುನ್ನೂರು ರೂಪಾಯಿಯ ಕೆಲಸ. ತೊಲೆ ಚುಚ್ಚಿ ನೋಡಿದವರು ಅದನ್ನು ಮರೆತಿದ್ದರು.

ಹನ್ನೊಂದು ತಿಂಗಳು ಮುಗಿದಾಗ ಎರಡೂ ಕಡೆಯವರಿಗೆ ಮುಂದುವರಿಸುವ ಮನಸ್ಸಿತ್ತು. ಬಾಡಿಗೆ ಶೇ. 5 ಏರಿ 14,700 ಆಯಿತು, ಅನಾಮತ್ತು ಹಾಗೇ ಉಳಿಯಿತು. ಹೊಸ ಕರಾರನ್ನು ಮತ್ತೆ ನೋಂದಾಯಿಸಿದರು. ಹಳೆಯದರ ಮೇಲೆ ‘ಮುಂದುವರಿದಿದೆ’ ಎಂದು ಬರೆದರೆ ನಡೆಯದು. ಬೀಗ ಬದಲಾಗಿದೆ. ಕರಾರಿನ ಕೊನೆಗೆ ಮಾಲೀಕರು ತಾವೇ ಹೇಳಿ ಬರೆಸಿದ ಷರತ್ತು ಇದು: ಭೋಗಿ ಮತ್ತು ಸಂಕ್ರಾಂತಿ ಎರಡು ದಿನ, ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ, ಮೊದಲೇ ಫೋನ್ ಮಾಡಿ, ಏಕಕಾಲಕ್ಕೆ ಹನ್ನೆರಡು ಜನಕ್ಕೆ ಮೀರದಂತೆ ಮಾಲೀಕರ ಕುಟುಂಬ ಗ್ಯಾಲರಿ ಬಳಸಬಹುದು. ಮೈದುನ ಅದನ್ನು ಕನ್ನಡದಲ್ಲಿ ಓದಿ ಹೇಳಿದಾಗ, ಫೋನಿನಲ್ಲಿದ್ದ ಕಲಬುರಗಿಯ ತಂಗಿ ಒಂದೇ ಪ್ರಶ್ನೆ ಕೇಳಿದಳು: ಹನ್ನೆರಡರೊಳಗ ಸಣ್ಣ ಹುಡುಗರನ್ನ ಹಿಡಿದೋ, ಬಿಟ್ಟೋ? ಅದನ್ನು ಯಾರೂ ಬರೆಸಲಿಲ್ಲ.